ಅರ್ಜಿಗೆ ಅಲಂಕಾರ

ಕಚೇರಿ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ ಗಂಡ, ಸಾಯುವ ಹಿಂದಿನ ದಿನವೂ ಅಡುಗೆಮನೆ ಬಾಗಿಲಲ್ಲಿ ಕೂತು ತಾನು ಬರೆದದ್ದನ್ನು ಓದಿದ: "ನಲ್ಲಿ ಇದೆ, ನೀರಿಲ್ಲ; ದೂರು ಇದೆ, ಉತ್ತರವಿಲ್ಲ; ನಾವಿದ್ದೇವೆ, ನೀವಿಲ್ಲ." ಈರುಳ್ಳಿ ಹೆಚ್ಚುತ್ತಿದ್ದ ಹೆಂಡತಿಯ ಕೈ ನಿಂತಿತು. ಪ್ರಾಸ ಕೂಡದಿದ್ದರೆ ಅವನು ಸ್ನಾನಕ್ಕೂ ಏಳುತ್ತಿರಲಿಲ್ಲ. ಒಳ್ಳೆಯ ಉಪಮೆಗೆ ಸಾಹೇಬರ ಕುರ್ಚಿಯೂ ಎದ್ದು ನಿಲ್ಲುತ್ತದೆ ಎನ್ನುತ್ತಿದ್ದ. "ಅರ್ಜಿಗೆಲ್ಲ ಅಲಂಕಾರ ಮಾಡ್ತೀರಿ, ನನ್ನ ಕಿವಿಗೊಂದು ಓಲೆ ಮಾಡಿಸ್ಲಿಲ್ಲ" ಎಂದರೆ, "ಇಷ್ಟೂ ನಿನ್ನ ಕಿವಿಗೇ ಕಣೇ" ಎಂದು ನಗುತ್ತಿದ್ದ. ತಮಾಷೆ ಎಂದುಕೊಂಡಿದ್ದಳು. ಅವನು ಹೋದ ಮೇಲೆ, ಅವನ ಪಕ್ಕದಲ್ಲಿ ಕೂರುತ್ತಿದ್ದ ಟೈಪಿಸ್ಟ್ ಹೇಳಿದ: "ಅಕ್ಕಾ, ಅವರು ಓದೋದನ್ನ ಕೇಳ್ತಾ ನಿಮ್ಮ ಕೈ ನಿಂತ್ರೆ ಮಾತ್ರ ಆ ವಾಕ್ಯ ಉಳಿಸ್ಕೋತಿದ್ರು." ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದಕ್ಕಿಂತ ದೊಡ್ಡ ಓಲೆ ಬೇಕೆ? ಈಗಲೂ ದಿನಾ ಬೆಳಿಗ್ಗೆ, ಅವನ ಪೆನ್ನಿನ ನಿನ್ನೆಯ ಶಾಯಿ ಚೆಲ್ಲಿ, ಮೊದಲಿನಂತೆ ಹೊಸದು ತುಂಬಿಸಿಟ್ಟೇ ಅವಳು ಈರುಳ್ಳಿ ಹೆಚ್ಚಲು ಕೂರುತ್ತಾಳೆ.