ಹೊಲಿಯದೆ ಬಿಟ್ಟ ಒಂದು ಪಕ್ಕ

ನಮ್ಮ ಅತ್ತೆಯ ಎಡಗೈ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಉಗುರು ಬೆಳೆದಂತೆಲ್ಲ ಸೀಳೂ ಬೆಳೆಯುತ್ತಿತ್ತು. ಹುರುಳಿಕಾಯಿ ಬಿಡಿಸುವಾಗ ನಾರು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಅವರು ಕಾಯಿಯನ್ನೇ ಬೈಯುತ್ತಿದ್ದರು. ಏನಾಗಿತ್ತು ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಸೂಜಿ ನುಗ್ಗಿತ್ತು ಕಣಮ್ಮ. ಹೊಲೀತಿದ್ದೆ ಆಗೆಲ್ಲ" ಎಂದು ಮಾತು ಮುಗಿಸಿದರು. ಮನೆಯಲ್ಲಿ ಹೊಲಿಗೆ ಮಿಷನ್ನು ಇರಲಿಲ್ಲ. ಕಂಕುಳಲ್ಲಿ ಬಿಚ್ಚಿಕೊಂಡ ರವಿಕೆಯನ್ನೂ ಅವರು ಬೀದಿ ಕೊನೆಯ ಟೈಲರಿಗೆ ಕೊಟ್ಟು ಬರುತ್ತಿದ್ದರು.

ನಾನು ಆ ಮನೆಗೆ, ವಿಜಯನಗರಕ್ಕೆ, ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಮೊದಲಿನಲ್ಲಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಏಳುವುದಕ್ಕೆ, ಉಣ್ಣುವುದಕ್ಕೆ, ಓದುವುದಕ್ಕೆ, ಮಲಗುವುದಕ್ಕೆ ಗಂಟೆ. ಆಮೇಲೆ ಶಾಲೆಯಲ್ಲಿ ಟೀಚರಾದಾಗಲೂ ಅದೇ ಗಂಟೆ. ಅತ್ತೆಗೆ ಹೊತ್ತುಗೊತ್ತು ಎಂಬುದೇ ಇರಲಿಲ್ಲ. ಹಸಿವಾದರೆ ಊಟ, ನಿದ್ದೆ ಬಂದರೆ ರಾತ್ರಿ. ಡಬ್ಬಿಗಳನ್ನು ನಾನು ಸಾಲಾಗಿ ಜೋಡಿಸಿಟ್ಟರೆ ನೋಡಿ ನಗುತ್ತಿದ್ದರು. "ನಿಮ್ಮ ಹಾಸ್ಟೆಲ್‌ನಲ್ಲಿ ನಗೋದಕ್ಕೂ ಗಂಟೆ ಹೊಡೀತಿದ್ರೇನೇ?" ಎಂದು ಕೇಳಿದ್ದರು ಒಮ್ಮೆ. ನಾನು ನಕ್ಕಿರಲಿಲ್ಲ. "ಓ, ಇನ್ನೂ ಹೊಡೆದಿಲ್ಲ" ಎಂದರು. ಆಗ ನಗು ಬಂತು.

ನಾನು ಬಸುರಿಯಾದ ವರ್ಷವೇ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸತ್ತುಹೋಯಿತು. ಬಲಗಾಲನ್ನು ಎಳೆದು ಹಾಕುತ್ತಿದ್ದರು. ಬಾಯಿ ಸ್ವಲ್ಪ ಸೊಟ್ಟಗಾದರೂ ಮಾತು ಉಳಿದಿತ್ತು. ಕೆಲಸಕ್ಕೆ ಬಾರದ ಆ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡು, "ಇದೊಂದು ಕೂಸಾಯ್ತು ನನಗೆ. ಹೋದಲ್ಲೆಲ್ಲ ಹೊತ್ಕೊಂಡು ತಿರುಗ್ಬೇಕು" ಎನ್ನುತ್ತಿದ್ದರು.

ಅವರ ತಮ್ಮ ಹತ್ತಿರದ ಉಲ್ಲಾಳದಿಂದ ನೋಡಲು ಬಂದರು. ತವರಿನ ಹಳೆಯ ಮನೆಯ ಅಟ್ಟ ಕೆಡವಿಸುತ್ತಿದ್ದೇನೆ ಎಂದು ಹೇಳುತ್ತ, "ನಿನ್ನ ಕೈಮಿಷನ್ ಸಿಕ್ತು ಕಣಕ್ಕ. ಬರೀ ತುಕ್ಕು. ಗುಜರಿಗೆ ಹಾಕ್ಲಾ?" ಎಂದು ಕೇಳಿದರು.

ಅತ್ತೆ ಗೋಡೆ ನೋಡುತ್ತ ಕುಳಿತರು. ತಮ್ಮನವರು ಕಾಫಿ ಕುಡಿದು ಎದ್ದು ಚಪ್ಪಲಿ ಮೆಟ್ಟಿದ ಮೇಲೆ, "ಇಲ್ಲಿಗೆ ತಂದ್ಬಿಡೋ" ಎಂದರು.

ಅದು ಗೋಣಿಚೀಲದಲ್ಲಿ ಬಂತು. ಕಾಲಲ್ಲಿ ತುಳಿಯುವುದಲ್ಲ, ಬಲಗಡೆಯ ಹಿಡಿ ಹಿಡಿದು ಚಕ್ರ ತಿರುಗಿಸುವ ಮಿಷನ್ನು. ಒಳಗೆ ಇಲಿ ಗೂಡು ಕಟ್ಟಿತ್ತು. ಹಿಡಿ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಯಜಮಾನರು ನೋಡಿ, "ಬಾಗಿಲಿಗೆ ಅಡ್ಡ ಇಡೋಕೆ ಸರಿಹೋಗತ್ತೆ" ಎಂದರು. ಇಂಥ ಕೆಲಸ ಮಾತ್ರ ನನಗೆ ಹೇಳಿ ಮಾಡಿಸಿದ್ದು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಶಾಲೆಗೆ ಹೊರಡುವ ಮುಂಚೆ, ಕೋಳಿಪುಕ್ಕ ಅದ್ದಿ ಸಂದುಸಂದಿಗೆ ಸೀಮೆಎಣ್ಣೆ ಬಿಡುತ್ತಿದ್ದೆ. ಸಂಜೆ ಹಳೆ ಬನಿಯನ್ನಿನಿಂದ ಒರೆಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕುಳಿತು ಎಣ್ಣೆ ಬಿಡಬೇಕಾದ ತೂತುಗಳನ್ನು ಸೀಳಿದ ಉಗುರಿನಿಂದ ತೋರಿಸುತ್ತಿದ್ದರು. ಕೊಳೆ ಹೋದಂತೆ ಕಪ್ಪು ಮೈಮೇಲೆ ಚಿನ್ನದ ಬಣ್ಣದ ಬಳ್ಳಿಯೊಂದು ಎದ್ದು ಬಂತು. ಒಂದು ಸಂಜೆ ಹಿಡಿ ಕಿರ್ರೆಂದು ಕಾಲು ಸುತ್ತು ತಿರುಗಿತು. "ಎದ್ಲು" ಎಂದರು ಅತ್ತೆ.

ರಾಜಾಜಿನಗರದಿಂದ ರಿಪೇರಿಯವನನ್ನು ಕರೆಸಿದೆವು. ಸೂಜಿ ಹೊಸದು ಹಾಕಿದ, ಸಡಿಲವಾದದ್ದನ್ನು ಬಿಗಿ ಮಾಡಿದ. ಆಮೇಲೆ ತಗಡನ್ನು ಸರಿಸಿ ಒಳಗೆ ನೋಡಿ ನಾಲಿಗೆ ಲೊಚಗುಟ್ಟಿದ. ಕೆಳಗಿನ ದಾರವನ್ನು ಒಳಗಿಟ್ಟುಕೊಂಡು ಹಿಂದೆ ಮುಂದೆ ಓಡುವ, ದೋಣಿಯಂತಹ ಪುಟ್ಟ ಉಕ್ಕಿನ ತುಂಡೊಂದು ಇರಬೇಕಾಗಿತ್ತು. ಅದೇ ಇರಲಿಲ್ಲ.

"ಈ ಕಾಲದ್ ಮಿಷನ್‌ಗೆ ದೋಣಿ ಈಗೆಲ್ಲೂ ಸಿಗಲ್ಲ ಮೇಡಂ. ಶೋಕೇಸ್‌ನಲ್ಲಿ ಇಟ್ಕೊಳ್ಳಿ. ಚೆನ್ನಾಗಿ ಕಾಣತ್ತೆ."

"ಶೋಕೇಸ್‌ನಲ್ಲಿ ನೀನ್ ಕೂತ್ಕೊಳಪ್ಪ, ನೀನೂ ಚೆನ್ನಾಗೇ ಇದೀಯ" ಎಂದರು ಅತ್ತೆ. ಅವನು ನಕ್ಕು ಚೀಲ ಕಟ್ಟತೊಡಗಿದ. ಅತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ, "ನನ್ನ ಟ್ರಂಕ್ ತೆಗಿ. ತಳದಲ್ಲಿ ಧಾರೆ ಸೀರೆ ಇದೆ. ಮಡಿಕೆ ಒಳಗೆ ನೋಡು" ಎಂದರು.

ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿದ ದೋಣಿ ಅಲ್ಲಿತ್ತು. ಒಂದು ಚುಕ್ಕೆ ತುಕ್ಕಿಲ್ಲ. ರಿಪೇರಿಯವನು ಹಾಕಿ ತಿರುಗಿಸಿದ. ಮಿಷನ್ನು ಹೊಲಿಯಿತು. ಅವನು ಹೋದ ಮೇಲೆ ಅತ್ತೆ ತಾವಾಗಿಯೇ ಹೇಳಿದರು.

"ಮೊದಲನೇ ಬಸುರಲ್ಲಿ ತವರಿಗೆ ಹೋಗಿದ್ದೆ. ಕೂಸು ಹುಟ್ಟೋಕೆ ಮುಂಚೆ ಬಟ್ಟೆ ಹೊಲೀಬಾರ್ದು ಕಣೇ ಅಂತ ಅವ್ವ ಬಡ್ಕೊಂಡ್ಲು. ಹೊಸ ಮಿಷನ್ನು, ಕೈ ಸುಮ್ನಿರ್ಬೇಕಲ್ಲ. ಗುಲಾಬಿ ಬಟ್ಟೇಲಿ ಅಂಗಿ ಹೊಲಿದು, ಗೂಟಕ್ಕೆ ನೇತ್ಹಾಕಿ, ಬಂದೋರಿಗೆಲ್ಲ ತೋರಿಸ್ದೆ. ಹೆಣ್ಣು ಕೂಸು. ಉಸಿರೇ ಎತ್ತಲಿಲ್ಲ."

ಅತ್ತೆ ಮಿಷನ್ನಿನ ತಗಡನ್ನು ಸೀಳಿದ ಉಗುರಿನಿಂದ ಸರಿಸಿ ಮುಚ್ಚಿದರು.

"ಅದೇ ಅಂಗಿ ಹಾಕಿ ಕಳಿಸಿದ್ರು. ಇನ್ಯಾರೂ ಅದ್ರಲ್ಲಿ ಹೊಲೀಬಾರ್ದು ಅಂತ ದೋಣಿ ಕಿತ್ಕೊಂಡು ಬಂದ್ಬಿಟ್ಟೆ."

"ಎಸೆದುಬಿಡಬಹುದಿತ್ತಲ್ಲ ಅತ್ತೆ?"

"ಕೈ ಬರ್ಲಿಲ್ಲ ಕಣೇ."

ಅವರು ನನ್ನ ಹೊಟ್ಟೆ ನೋಡಿದರು. "ಇದಕ್ಕೊಂದು ಅಂಗಿ ಹೊಲೀಬೇಕು ಅಂತ ಆಸೆ. ಅದು ಬರೋವರೆಗೂ ನಾನಿರ್ತೀನೋ ಇಲ್ವೋ. ಈಗ ಹೊಲಿಯೋಕೆ ಭಯ."

ನಾನು ವಿಜ್ಞಾನ ಪಾಠ ಮಾಡುವವಳು. ಬಟ್ಟೆಗೂ ಉಸಿರಿಗೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಮರುದಿನ ಬೆಳಿಗ್ಗೆ ಅವರೇ ದಾರಿ ಹುಡುಕಿದ್ದರು. "ಒಂದು ಪಕ್ಕ ಬಿಟ್ಬಿಡೋಣ. ಹೊಲೀದೆ ಇದ್ರೆ ಅದು ಅಂಗಿ ಅಲ್ಲ, ಬಟ್ಟೆ ಚೂರು ಅಷ್ಟೆ. ಕೂಸು ಬಂದ್ಮೇಲೆ ಆ ಪಕ್ಕ ಹೊಲಿದ್ರಾಯ್ತು. ಏನಂತೀಯ ಮೇಡಂ?"

ತಮ್ಮದೇ ಹಳೆಯ ಹತ್ತಿ ಸೀರೆಯನ್ನು ತೆಗೆಸಿದರು. ಒಗೆದು ಒಗೆದು ಮೆತ್ತಗಾದ, ಬೂದು ಬಣ್ಣಕ್ಕೆ ತಿರುಗಿದ ಸೀರೆ. ಅವರು ಹೇಳಿದಂತೆ ನಾನು ಕತ್ತರಿಸಿದೆ. ಮಿಷನ್ನನ್ನು ಮಣೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕುಳಿತೆವು. ಚಕ್ರ ತಿರುಗಿಸಲು ಬಲಗೈ ಬೇಕು, ಬಟ್ಟೆ ನಡೆಸಲು ಎಡಗೈ. ಅವರಿಗೆ ಎಡಗೈ ಇತ್ತು. ನಾನು ಅವರ ಬಲಕ್ಕೆ ಕುಳಿತು ಅವರ ಬಲಗೈಯಾದೆ.

"ತಿರುಗ್ಸು" ಎನ್ನುತ್ತಿದ್ದರು. ತಿರುಗಿಸುತ್ತಿದ್ದೆ. "ನಿಲ್ಸು." ನಿಲ್ಲಿಸುತ್ತಿದ್ದೆ. ನನ್ನ ಕೈ ಒಂದೇ ವೇಗದಲ್ಲಿ ಓಡುತ್ತಿತ್ತು.

"ಏನೇ, ಪೆರೇಡ್ ಮಾಡಿಸ್ತಿದೀಯಾ? ತೋಳಿನ ತಿರುವು ಬಂದಾಗ ನಿಲ್ಲಬೇಕು. ಸೂಜಿ ಬಟ್ಟೇಲೇ ಇರ್ಲಿ. ನಾನು ಬಟ್ಟೆ ತಿರುಗಿಸ್ಕೋತೀನಿ. ಹೇಳಿದ್ಮೇಲೆ ತಿರುಗ್ಸು."

ಇಡೀ ಹೊತ್ತು ನನ್ನ ಎಡಗೈ ಅವರ ಸತ್ತ ಬಲಗೈಯ ಮೇಲೆ ಸುಮ್ಮನೆ ಇರುತ್ತಿತ್ತು. ನನ್ನ ತಾಯಿಯ ಕೈ ಹೇಗಿತ್ತು ಎಂಬುದು ನನಗೆ ನೆನಪಿಲ್ಲ. ಕೈ ಎಂದರೆ ಇವತ್ತಿಗೂ ನೆನಪಾಗುವುದು ತಣ್ಣಗಿದ್ದ, ಭಾರವಾಗಿದ್ದ ಆ ಕೈಯೇ.

ಅಂಗಿ ಒಂದು ಪಕ್ಕ ಬಿಟ್ಟು ಪೂರ್ತಿಯಾಯಿತು. ಉಳಿದ ಕೆಲಸಕ್ಕೆ ಬೇಕಾಗುತ್ತದೆಂದು ಕೆಳಗಿನ ದಾರವನ್ನು ತುಂಬ ಸುತ್ತಿಸಿ ದೋಣಿಗೆ ತಾವೇ ಇಟ್ಟರು. ಅಂಗಿಯನ್ನು ಮಡಿಸಿ ಧಾರೆ ಸೀರೆಯ ಮಡಿಕೆಯೊಳಗೆ ಸೇರಿಸಿದರು. "ಮೇಡಂ, ಹೆರಿಗೆ ಆಸ್ಪತ್ರೇಲೂ ಗಂಟೆ ನೋಡ್ಕೊಂಡು ಹೆತ್ತುಬಿಟ್ಟೀಯ" ಎಂದು ನಗಿಸಿದರು.

ಹೆರಿಗೆಗೆ ಇನ್ನೂ ದಿನಗಳಿದ್ದವು. ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಕಾಫಿಗೆ ಎಬ್ಬಿಸಲು ಹೋದವಳು ನಾನೇ. ಎಡಗೈಯನ್ನು ಹಿಡಿದೆ. ಅದೂ ಬಲಗೈಯಂತೆಯೇ ತಣ್ಣಗಿತ್ತು.

ಬಸುರಿ ಹೆಣದ ಹತ್ತಿರ ಇರಬಾರದೆಂದು ನೆಂಟರು ನನ್ನನ್ನು ಪಕ್ಕದ ಮನೆಗೆ ಕಳಿಸಿದರು. ಅಲ್ಲಿಯ ಕಿಟಕಿಯನ್ನೂ ಮುಚ್ಚಿಸಿದರು. ತಮಟೆಯ ಸದ್ದು ಬೀದಿಯ ಆ ಕೊನೆಯವರೆಗೆ ಹೋಗಿ ಆಮೇಲೆ ಕೇಳಿಸಲಿಲ್ಲ. ನಾನು ಪರರ ಅಡುಗೆಮನೆಯಲ್ಲಿ ಕುಳಿತು, ಅಳಬಾರದು, ಮಗುವಿಗಾಗುವುದಿಲ್ಲ ಎಂದು ಹೇಳಿಸಿಕೊಳ್ಳುತ್ತಿದ್ದೆ.

ಹೆಣ್ಣು ಮಗು ಹುಟ್ಟಿತು. ಗಟ್ಟಿಯಾಗಿ ಅತ್ತಿತು. ಆ ಅಳು ಕೇಳಿದಾಗ ನನಗೆ ಮೊದಲು ನೆನಪಾದದ್ದು ಗೂಟಕ್ಕೆ ನೇತುಹಾಕಿದ್ದ ಗುಲಾಬಿ ಅಂಗಿ.

ಮನೆಗೆ ಬಂದು ಓಡಾಡುವಂತಾದ ಮೇಲೆ ಟ್ರಂಕ್ ತೆಗೆದೆ. ಮಿಷನ್ನನ್ನು ಮಣೆಯ ಮೇಲಿಟ್ಟೆ. ನಾನು ತಿರುಗಿಸುತ್ತೇನೆ ಎಂದು ಯಜಮಾನರು ಬಂದರು. ಬೇಡ ಎಂದೆ. ಮೇಲಿನ ದಾರವನ್ನು ನಾನು ಪೋಣಿಸಿದೆ. ತಗಡು ಸರಿಸಿ ನೋಡಿದರೆ ದೋಣಿಯಲ್ಲಿ ಅವರು ಇಟ್ಟಿದ್ದ ದಾರ ಹಾಗೇ ತುಂಬಿಕೊಂಡಿತ್ತು. ಬಲಗೈಯಲ್ಲಿ ಹಿಡಿ ಹಿಡಿದೆ. ಇಷ್ಟು ದಿನ ಸುಮ್ಮನಿದ್ದ ನನ್ನ ಎಡಗೈಗೆ ಬಟ್ಟೆ ನಡೆಸುವುದು ಗೊತ್ತಿರಲಿಲ್ಲ. ಹೊಲಿಗೆ ಅತ್ತಿತ್ತ ವಾಲುತ್ತ ಮೇಲೇರಿತು.

ತೋಳಿನ ತಿರುವು ಬಂತು. ನನ್ನ ಬಲಗೈ ತಾನಾಗಿ ನಿಂತಿತು. ಸೂಜಿ ಬಟ್ಟೆಯಲ್ಲೇ ಇತ್ತು. ಬಟ್ಟೆಯನ್ನು ತಿರುಗಿಸಿಕೊಂಡೆ. ಆದರೂ ಕೈ ಏಳಲಿಲ್ಲ, ಅಪ್ಪಣೆಗಾಗಿ ಕಾಯುತ್ತಿತ್ತು. ಕೋಣೆಯಲ್ಲಿ ಮಗು ಎದ್ದು ಅಳತೊಡಗಿತು.

"ತಿರುಗ್ಸು" ಎಂದು ನಾನೇ ಬಾಯಿಬಿಟ್ಟು ಹೇಳಿಕೊಂಡು, ತಿರುಗಿಸಿದೆ.