ಉದ್ದಗಾಯೋ ದುಂಡಗಾಯೋ

ಹೊಸದುರ್ಗದಲ್ಲಿ ರೈತರ ಒಂದು ಆನ್‌ಲೈನ್ ವೇದಿಕೆ ನೋಡಿಕೊಳ್ಳೋದು ನನ್ನ ಕೆಲಸ. ವರ್ಷಗಟ್ಟಲೆ ಯಾರೂ ತುಟಿ ಬಿಚ್ಚದ ಹಳೇ ಚರ್ಚೆಗಳನ್ನೆಲ್ಲ ಒಂದು ದಿನ ಕೂತು ಬಂದ್ ಮಾಡಿದೆ. ಮನೆ ಗುಡಿಸಿದಷ್ಟು ಹಿತವಾಯಿತು.

ಮೂರನೇ ದಿನ ಶ್ರೀರಾಂಪುರದ ಬಸ್ಸಿಳಿದು ತಿಪ್ಪೇಶಣ್ಣ ಅನ್ನೋರು ಆಫೀಸಿಗೆ ಬಂದರು. ಚೀಲದಿಂದ ಸುಲಿಯದ ತೆಂಗಿನಕಾಯಿ ತೆಗೆದು ನನ್ನ ಕೀಬೋರ್ಡ್ ಮೇಲೇ ಇಟ್ಟರು.

"ನನ್ ಚರ್ಚೆ ಯಾಕ್ರಿ ಮುಚ್ಚಿದ್ರಿ?"

"ಏಳು ವರ್ಷದಿಂದ ಯಾರೂ ಏನೂ ಬರೆದಿಲ್ಲವಲ್ಲ."

"ಮರ ಕಾಯಿ ಬಿಡಬ್ಯಾಡ್ವೇನ್ರಿ? ಈಗ ಬಿಟ್ಟೈತೆ ನೋಡ್ರಿ!"

ಹುಡುಕಿ ಓದಿದೆ. ಸಸಿಯ ಫೋಟೊ ಹಾಕಿ, ಇದು ಉದ್ದಗಾಯಿ ಬಿಡುತ್ತೆ ಅಂತ ಇವರು ಬರೆದಿದ್ದರು. ಅಲ್ಲ, ದುಂಡಗಾಯಿ ಅಂತ ಯಲ್ಲದಕೆರೆಯಲ್ಲಿರುವ ಇವರ ಷಡ್ಡಕ ಜಗಳ ತೆಗೆದಿದ್ದರು. "ಬಿಟ್ಟಾಗ ನೋಡಾಣ" ಅನ್ನೋದೇ ಕೊನೆಯ ಸಾಲು.

"ಫೋನ್ ಮಾಡಿ ಹೇಳಬಹುದಿತ್ತಲ್ಲ?"

"ನಂಗೇನೂ ಗೊತ್ತಿಲ್ಲ ಅಂತ ಅವ್ನು ಅಂದಿದ್ದು ಎಲ್ಲಾರ ಮುಂದೆ. ಇದೂ ಎಲ್ಲಾರ ಮುಂದೇನೇ ಆಗ್ಬೇಕು. ಮೊದ್ಲು ತೆಗೀರಿ ಅದ್ನ."

ತೆರೆದೆ. ಫೋಟೊ ನಾನೇ ಹಿಡಿದು ಹಾಕಿದೆ. ನಿಜ ಹೇಳಬೇಕೆಂದರೆ ಆ ಕಾಯಿ ನನಗೆ ಉದ್ದವಾಗಿಯೂ ಕಾಣಲಿಲ್ಲ, ದುಂಡಗೂ ಕಾಣಲಿಲ್ಲ. ಅವರು ನಿಂತಿದ್ದ ಠೀವಿ ನೋಡಿ ಟೀ ತರಿಸಿದೆ.

ಟೀ ಮುಗಿಯೋದರೊಳಗೆ ಷಡ್ಡಕರ ಉತ್ತರ ಬಂತು: "ಮೊದಲ ಗೊನೆ ಲೆಕ್ಕಕ್ಕಿಲ್ಲ. ಮುಂದಿನದು ಬರಲಿ, ನೋಡಾಣ."

ತಿಪ್ಪೇಶಣ್ಣ ಕಾಯಿಯನ್ನು ವಾಪಸ್ ಚೀಲಕ್ಕೆ ಹಾಕಿಕೊಂಡರು. "ಮತ್ತೆ ಮುಚ್ಚಿಗಿಚ್ಚೀರಿ," ಅಂದು ಬಸ್ಸಿಗೆ ಹೊರಟರು.

ಈಗ ನಮ್ಮ ವೇದಿಕೆಯ ನಿಯಮ ಬದಲಾಗಿದೆ. ಟೊಮೆಟೊ ಚರ್ಚೆ ಮೂರು ತಿಂಗಳಿಗೆ ಬಂದ್; ತೆಂಗಿನದು ಷಡ್ಡಕರು ಒಪ್ಪಿದ ಮೇಲೆ.