ಹತ್ತು ನಿಮಿಷ ಮುಂದಿನ ಗಡಿಯಾರ

ಶಕುನ, ಸೂಚನೆ, ದೆವ್ವ ಇವುಗಳ ಮಾತು ಬಂದರೆ ನಾನು ಎದ್ದು ಹೋಗುವವಳು. ಮನೆಯಲ್ಲಿ ಯಾರಾದರೂ ಹಲ್ಲಿ ಲೊಚಗುಟ್ಟಿತೆಂದು ನೆಲ ತಟ್ಟಿದರೆ, ಪಾಪ ಹಲ್ಲಿಗೆ ನಿಮ್ಮ ವಿಷಯ ಬಿಟ್ಟು ಬೇರೆ ಯೋಚನೆ ಇರುವುದಿಲ್ಲವೇ ಎಂದು ಕೇಳಿ ಬೈಸಿಕೊಂಡವಳು. ಆದ್ದರಿಂದ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ. ಇಂಥ ಕಥೆಗಳಲ್ಲಿ ಇರಬೇಕಾದ ಕತ್ತಲೆ, ನಾಯಿಯ ಊಳು ಯಾವುದೂ ಇದರಲ್ಲಿಲ್ಲ. ಚೆನ್ನೈನ ಮೇ ತಿಂಗಳ ಬಿಸಿಲು, ಮಧ್ಯಾಹ್ನ ಮೂರರ ಹೊತ್ತು, ಖಾಲಿ ಹೋಟೆಲು, ಅಷ್ಟೇ.

ಮೊದಲು ನನ್ನ ಕೆಲಸ ಏನೆಂದು ಹೇಳಬೇಕು. ಮಂಗಳ ಗ್ರಹದ ಮೇಲೆ ಓಡಾಡುವ ಎರಡು ಪುಟ್ಟ ರೋವರ್‌ಗಳಿವೆ. ಹಲವು ದೇಶದವರು ಸೇರಿ ಕಳಿಸಿದವು. ಒಂದೊಂದೂ ನಮ್ಮ ಅಡುಗೆಮನೆಯ ಗ್ಯಾಸ್ ಕಟ್ಟೆಯಷ್ಟು ಉದ್ದ ಇರಬಹುದು. ಅವುಗಳ ಜೊತೆ ರೇಡಿಯೋ ಮಾತುಕತೆ ನಡೆಸುವ ಕೆಲಸದ ಒಂದು ತುಂಡು ಚೆನ್ನೈನ ಒಂದು ಸಣ್ಣ ಕಚೇರಿಗೆ ಬಂದಿತ್ತು, ಆ ತುಂಡಿನ ಒಂದು ಚೂರು ನನ್ನದು. ಯಾವ ಹೊತ್ತಿಗೆ ಕರೆ ಕಳಿಸಬೇಕೆಂದು ಲೆಕ್ಕ ಹಾಕುವುದು, ಆ ಹೊತ್ತಿಗೆ ಸರಿಯಾಗಿ ಕಳಿಸುವುದು. ದೂರದ ದೇಶದ ಮರುಭೂಮಿಯಲ್ಲಿರುವ ದೊಡ್ಡ ಆಂಟೆನಾ ನಮ್ಮ ಕರೆಯನ್ನು ಆಕಾಶಕ್ಕೆ ಎಸೆಯುತ್ತದೆ. ಕೇಳಿದವರು ಬಾಯಿ ಬಿಡುವ ಕೆಲಸ, ಮಾಡುವವಳಿಗೆ ಗುಮಾಸ್ತಿಕೆ.

ರೋವರ್‌ಗಳಿಗೆ ಕಾಗದದ ಮೇಲೆ ಅಕ್ಷರ, ಅಂಕಿ ಸೇರಿದ ಉದ್ದನೆಯ ಹೆಸರುಗಳಿದ್ದವು. ಅವಕ್ಕೆ ಅಕ್ಕ, ತಂಗಿ ಎಂದು ಹೆಸರಿಟ್ಟವರು ನನ್ನ ದೊಡ್ಡಪ್ಪ. ದೊಡ್ಡಪ್ಪನಿಗೆ ವೆಸ್ಟ್ ಮಾಂಬಲಂ ಸ್ಟೇಷನ್ನಿಗೆ ಹತ್ತಿರ ಒಂದು ಹೋಟೆಲು. ಉಡುಪಿ ಕಡೆಯಿಂದ ಹುಡುಗನಾಗಿ ಮದರಾಸಿಗೆ ಬಂದು, ಲೋಟ ತೊಳೆದು, ಕೊನೆಗೆ ಸ್ವಂತ ಗಲ್ಲಾದ ಮೇಲೆ ಕೂತವರು. ನಾನು ಬೆಳೆದದ್ದು ಅವರ ಮನೆಯಲ್ಲೇ. ಬೆಳಿಗ್ಗೆ ನಾನು ಕಾಫಿಗೆ ಹೋದರೆ ಅವರ ಮೊದಲ ಪ್ರಶ್ನೆ, "ತಂಗಿ ಎದ್ದಳಾ?" ಅಕ್ಕನ ವಿಷಯ ಕೇಳುತ್ತಿರಲಿಲ್ಲ. ಚಿಕ್ಕವಳ ಮೇಲೆ ಪ್ರೀತಿ ಜಾಸ್ತಿ. ಆ ಹೆಸರುಗಳು ನನ್ನ ಬಾಯಿಂದ ಕಚೇರಿಗೂ ಹೋಗಿ, ತಮಿಳು ಸಹೋದ್ಯೋಗಿಗಳ ಬಾಯಲ್ಲಿ ಅಕ್ಕಾ, ತಂಗಚ್ಚಿ ಆಗಿ ನಿಂತವು.

ಇನ್ನು ಆ ಗಡಿಯಾರ. ಹೋಟೆಲಿನ ಬಾಗಿಲ ಮೇಲೆ ಒಂದು ಗೋಡೆ ಗಡಿಯಾರವಿದೆ. ಪುರಾತನದ್ದೇನಲ್ಲ, ಯಾವುದೋ ಕಾಫಿಪುಡಿ ಕಂಪನಿಯವರು ಜಾಹೀರಾತಿಗೆ ಪುಕ್ಕಟೆ ಕೊಟ್ಟದ್ದು, ಸೆಲ್ ಹಾಕುವಂಥದ್ದು. ದೊಡ್ಡಪ್ಪ ಅದನ್ನು ಯಾವಾಗಲೂ ಹತ್ತು ನಿಮಿಷ ಮುಂದೆ ಇಡುತ್ತಿದ್ದರು. "ರೈಲು ನಮಗೋಸ್ಕರ ಕಾಯುದಿಲ್ಲ, ನಾವೇ ಹತ್ತು ನಿಮಿಷ ಮೊದಲು ತಯಾರಿರಬೇಕು" ಎನ್ನುತ್ತಿದ್ದರು. ಪ್ರತಿದಿನ ಬೆಳಿಗ್ಗೆ ಟ್ರಾನ್ಸಿಸ್ಟರ್‌ನಲ್ಲಿ ಸಮಯದ ಪೀಪ್ ಪೀಪ್ ಕೇಳಿ, ಎತ್ತರದ ಸ್ಟೂಲು ಹತ್ತಿ, ಸರಿಯಾಗಿ ಹತ್ತೇ ನಿಮಿಷ ಮುಂದಿದೆಯೇ ಎಂದು ನೋಡಿ ಇಳಿಯುತ್ತಿದ್ದರು. ನಮ್ಮ ಮನೆಯವರಿಗೆಲ್ಲ ಒಂದು ಅಭ್ಯಾಸ ಅಂಟಿಹೋಗಿತ್ತು: ಆ ಗಡಿಯಾರ ನೋಡುವುದು, ಮನಸ್ಸಿನಲ್ಲೇ ಹತ್ತು ಕಳೆಯುವುದು. ಕೈಯಲ್ಲಿ ವಾಚು ಇದ್ದರೂ ಅಷ್ಟೇ, ಜೇಬಿನಲ್ಲಿ ಮೊಬೈಲು ಇದ್ದರೂ ಅಷ್ಟೇ. ಹೊರಗಿನವರು ನಗುತ್ತಾರೆ. ನಮಗೆ ಗಂಟೆ ಎಂದರೆ ಅದೇ.

ದೊಡ್ಡಪ್ಪ ತೀರಿಕೊಂಡ ಮೇಲೆ ಸ್ಟೂಲು ಮಹಡಿಯ ಉಗ್ರಾಣ ಸೇರಿತು. ದೊಡ್ಡಮ್ಮನಿಗೆ ಮಂಡಿ ನೋವು. ಅಡುಗೆಯ ಶೀನಣ್ಣ ಆಳೆತ್ತರದ ಬಾಣಲೆ ಬೇಕಾದರೂ ಎತ್ತಿಯಾನು, ಎರಡಡಿ ಮೇಲೆ ಹತ್ತು ಎಂದರೆ ತಲೆ ಸುತ್ತುತ್ತದೆ ಎನ್ನುವವನು. ಹಾಗಾಗಿ ಗಡಿಯಾರವನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ತನ್ನಷ್ಟಕ್ಕೆ ಹತ್ತು ನಿಮಿಷ ಮುಂದೆ ನಡೆದುಕೊಂಡಿತ್ತು.

ಅದೇ ವರ್ಷ ಮಂಗಳದಲ್ಲಿ ಧೂಳಿನ ಬಿರುಗಾಳಿ ಎದ್ದಿತು. ಅಕ್ಕ ಬಯಲಲ್ಲಿದ್ದಳು, ಹೇಗೋ ತಡೆದುಕೊಂಡಳು. ತಂಗಿ ಒಂದು ದಿಬ್ಬದ ಮಗ್ಗುಲಲ್ಲಿದ್ದಳು. ಅವಳನ್ನು ಅಲ್ಲಿ ನಿಲ್ಲಿಸುವ ಆದೇಶಕ್ಕೆ ಒಪ್ಪಿಗೆ ಹಾಕಿದವರಲ್ಲಿ ನಾನೂ ಒಬ್ಬಳು. ನೆರಳು ಬೀಳುವ ಜಾಗ, ಇನ್ನು ನಾಲ್ಕು ಗಜ ಮುಂದೆ ತಳ್ಳೋಣ ಎಂದು ಒಬ್ಬರು ಹೇಳಿದ್ದರು. ನಾಳೆ ನೋಡೋಣ ಎಂದವಳು ನಾನು. ಆ ನಾಳೆ ಬರಲೇ ಇಲ್ಲ. ಸೋಲಾರ್ ಫಲಕದ ಮೇಲೆ ಧೂಳು ಕೂತಿತು, ಬ್ಯಾಟರಿ ಖಾಲಿಯಾಯಿತು, ತಂಗಿ ಮಾತು ನಿಲ್ಲಿಸಿದಳು.

ಹೀಗೆ ನಿಂತ ರೋವರ್ ಸತ್ತೇ ಹೋಯಿತೆಂದು ಅರ್ಥವಲ್ಲ. ಬಿಸಿಲು ಬಿದ್ದು ಸ್ವಲ್ಪ ಚೈತನ್ಯ ಬಂದಾಗ ಅದು ಎದ್ದು, ಕೆಲವು ನಿಮಿಷ ಕಿವಿಗೊಟ್ಟು, ಯಾರೂ ಕರೆಯದಿದ್ದರೆ ಮತ್ತೆ ಮಲಗುತ್ತದೆ. ಅದರ ಗಡಿಯಾರ ನಿಂತಿರುವುದರಿಂದ ಅದಕ್ಕೆ ಹೊತ್ತು ತಿಳಿಯುವುದಿಲ್ಲ. ಆ ಕೆಲವು ನಿಮಿಷದಲ್ಲಿ ನಮ್ಮ ಕರೆ ಅಲ್ಲಿಗೆ ಮುಟ್ಟಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ. ಆಂಟೆನಾ ನಮ್ಮೊಬ್ಬರ ಸ್ವತ್ತಲ್ಲ, ಎಷ್ಟೋ ಜನರಿಗೆ ಬೇಕಾದದ್ದು. ನಮಗೆ ದಿನಕ್ಕೆ ಒಂದೇ ಕರೆ. ಆಮೇಲೆ ಒಂದು ಗಂಟೆ ಕಾಲ ಬರೀ ಕೇಳುತ್ತ ಕೂರುವುದು. ಹೀಗೆ ವಾರಗಟ್ಟಲೆ ಕರೆದೆವು. ಆ ಕಡೆಯಿಂದ ಒಂದು ಚೂರು ಸದ್ದಿಲ್ಲ. ಕೊನೆಗೆ ಮೇಲಿನವರು ಒಂದು ದಿನ ಗೊತ್ತುಮಾಡಿ, ಅಂದಿನ ಕರೆಯೇ ಕಡೆಯದು ಎಂದರು. ಅವರನ್ನು ದೂರಲಾರೆ, ನಾನೂ ಅವರ ಜಾಗದಲ್ಲಿ ಅದನ್ನೇ ಹೇಳುತ್ತಿದ್ದೆನೇನೋ. ಆದರೆ ಆ ವಾರವಿಡೀ ನನಗೆ ಊಟ ಸೇರಲಿಲ್ಲ.

ಆ ಕಡೆಯ ದಿನ ನಮ್ಮ ಮನೆಯ ಬೀದಿಯಲ್ಲಿ ದುರಸ್ತಿಗೆಂದು ಕರೆಂಟ್ ತೆಗೆದಿದ್ದರು. ಲ್ಯಾಪ್‌ಟಾಪ್ ಹಿಡಿದು ಹೋಟೆಲಿಗೆ ಬಂದು, ಒಳಗಿನ ಮೂಲೆಯ ಮೇಜಿನಲ್ಲಿ ಕೂತೆ. ಲೆಕ್ಕದ ಪ್ರಕಾರ ಕರೆ ಹೋಗಬೇಕಾದದ್ದು ನಮ್ಮ ಮೂರೂ ಐವತ್ತಕ್ಕೆ. ಮೊಬೈಲು ಗಲ್ಲಾದ ಹತ್ತಿರ ಚಾರ್ಜಿಗೆ ಹಾಕಿದ್ದೆ. ಪರದೆಯ ತುಂಬ ಮಂಗಳದ ಹೊತ್ತು ತೋರಿಸುವ ಪುಟ. ಊಟದವರು ಹೋಗಿ, ಸಂಜೆ ಟಿಫಿನ್ನಿನವರು ಇನ್ನೂ ಬಾರದ ಹೊತ್ತು. ದೊಡ್ಡಮ್ಮ ಗಲ್ಲಾದಲ್ಲಿ ತೂಕಡಿಸುತ್ತಿದ್ದರು. ನಾನು ಕಳಿಸಬೇಕಾದ ಕರೆಯನ್ನು ಮೂರು ಮೂರು ಸಲ ಓದುತ್ತ ಕೂತಿದ್ದೆ.

ತಲೆಯೆತ್ತಿ ಗೋಡೆ ನೋಡಿದೆ. ಸರಿಯಾಗಿ ನಾಲ್ಕು. ಹತ್ತು ಕಳೆದೆ. ಮೂರೂ ಐವತ್ತು. ಅದೇ ಗಳಿಗೆಗೆ ಒಳಗೆ ಶೀನಣ್ಣ ಬುಸ್ಸೆಂದು ದೊಡ್ಡ ಒಲೆ ಹಚ್ಚಿದ್ದು ಕೇಳಿಸಿತು. ಗೋಡೆಯ ಗಡಿಯಾರ ನಾಲ್ಕಾದ ಕೂಡಲೇ ಬಜ್ಜಿಗೆ ಎಣ್ಣೆ ಇಡುವುದು ಅವನ ಎಷ್ಟೋ ವರ್ಷದ ಪದ್ಧತಿ. ನಾನು ದೇವರಿಗೆ ಕೈಮುಗಿಯುವವಳಲ್ಲ, ಅಂದು ಯಾಕೋ ಒಂದು ಕ್ಷಣ ಕಣ್ಣು ಮುಚ್ಚಿ, ಗುಂಡಿ ಒತ್ತಿದೆ. ಕರೆ ಹೋಯಿತು.

ಆಮೇಲೆ ಪರದೆಯ ಮೂಲೆಯಲ್ಲಿದ್ದ ಸಣ್ಣ ಅಂಕಿ ಕಣ್ಣಿಗೆ ಬಿತ್ತು. ಮೂರೂ ಹತ್ತು.

ಗೋಡೆ ನೋಡಿದೆ, ನಾಲ್ಕೂ ಒಂದು. ಓಡಿ ಹೋಗಿ ಮೊಬೈಲು ನೋಡಿದೆ, ಮೂರೂ ಹನ್ನೊಂದು. ಅಂದರೆ ಗೋಡೆಯ ಗಡಿಯಾರ ಹತ್ತರ ಬದಲು ಐವತ್ತು ನಿಮಿಷ ಮುಂದಿತ್ತು. ನಲವತ್ತು ನಿಮಿಷ ಮೊದಲೇ ಕಡೆಯ ಕರೆಯನ್ನು ನಾನು ದಂಡಮಾಡಿದ್ದೆ. ಅಷ್ಟರಲ್ಲಿ ನಮ್ಮ ತಂಡದ ಮುಖ್ಯಸ್ಥೆ ವಸಂತಾ ಅವರ ಫೋನು. "ಎನ್ನ ಪಣ್ಣಿಟ್ಟೀಂಗ, ಏನು ಮಾಡಿಬಿಟ್ರಿ? ಇಷ್ಟು ಬೇಗ ಯಾಕೆ ಕಳಿಸಿದ್ರಿ?" ಅವರು ಎಂದೂ ದನಿ ಏರಿಸಿದವರಲ್ಲ. ಬಾಗಿಲಾಚೆ ಮೆಟ್ಟಿಲ ಮೇಲೆ ನಿಂತು, ತಪ್ಪಾಯಿತು, ತಪ್ಪಾಯಿತು ಎಂದಷ್ಟೇ ಹೇಳಿದೆ. ಇನ್ನೊಂದು ಕರೆಗೆ ಅವರು ಬೇಡಿಕೊಂಡರಂತೆ, ಮೇಲಿನವರು ಆಗುವುದಿಲ್ಲ ಎಂದರಂತೆ. ನಾನು ಬೀದಿಯಲ್ಲೇ ಅತ್ತೆ. ದಾರಿಯ ಜನ ನೋಡಿದರು, ನೋಡಲಿ ಎಂದುಕೊಂಡೆ. ತಂಗಿಯನ್ನು ನೆರಳಲ್ಲಿ ನಿಲ್ಲಿಸಿದವಳೂ ನಾನು, ಕಡೆಗೆ ಕರೆಯಬೇಕಾದಾಗ ತಪ್ಪು ಹೊತ್ತಿಗೆ ಕರೆದವಳೂ ನಾನು.

ಒಳಗೆ ಬಂದಾಗ ಶೀನಣ್ಣ ಅಡುಗೆಮನೆ ಬಾಗಿಲಲ್ಲಿ ಜಾಲರಿ ಸೌಟು ಹಿಡಿದು ನಿಂತಿದ್ದ. "ಎಂತ ಮಾರಾಯ್ತಿ, ಎಣ್ಣೆ ಕಾದು ಹೊಗೆ ಬರ್ತಾ ಉಂಟು, ಒಂದು ಜನ ಇಲ್ಲ. ಇವತ್ತೆಂತ ಊರಿಗೆ ರಜೆಯಾ?"

"ಗಡಿಯಾರ ನೋಡು ಶೀನಣ್ಣ" ಎಂದೆ.

ಇಬ್ಬರೂ ನೋಡಿದೆವು. ಮೂರೂ ಮೂವತ್ತೆರಡು. ನನ್ನ ಕೈಯಲ್ಲಿದ್ದ ಮೊಬೈಲಿನಲ್ಲಿ ಮೂರೂ ಇಪ್ಪತ್ತೆರಡು. ಎಂದಿನ ಹಾಗೆ, ಸರಿಯಾಗಿ ಹತ್ತು ನಿಮಿಷ ಮುಂದೆ. "ನಾನು ನಾಲ್ಕು ನೋಡಿಯೇ ಒಲೆ ಹಚ್ಚಿದ್ದು" ಎಂದ ಶೀನಣ್ಣ. ಅದನ್ನೇ ಮತ್ತೆ ಮತ್ತೆ ಹೇಳಿದ. ನಾನು ಮೆಟ್ಟಿಲ ಮೇಲಿದ್ದದ್ದು ಹತ್ತು ನಿಮಿಷ. ಗಡಿಯಾರ ನನ್ನ ಬೆನ್ನ ಹಿಂದಿನ ಬಾಗಿಲ ಮೇಲೆಯೇ ಇತ್ತು. ಯಾರಾದರೂ ಸ್ಟೂಲು ತಂದು ಹತ್ತಿದ್ದರೆ ನನ್ನ ಬೆನ್ನಿಗೇ ತಾಗುತ್ತಿತ್ತು. ಸ್ಟೂಲಂತೂ ಮಹಡಿಯ ಉಗ್ರಾಣದಲ್ಲಿ, ಬೀಗದೊಳಗೆ.

ಆದರೆ ಆಗ ಅದನ್ನೆಲ್ಲ ಯೋಚಿಸುವ ಸ್ಥಿತಿ ನನ್ನದಲ್ಲ. ಮೇಜಿಗೆ ಹೋಗಿ ಕೂತೆ. ಆ ದಿನಗಳಲ್ಲಿ ನಮ್ಮ ಮಾತು ಅಲ್ಲಿಗೆ ಮುಟ್ಟಲು ಹನ್ನೆರಡು ನಿಮಿಷ, ಅವಳ ಮಾತು ಇಲ್ಲಿಗೆ ಬರಲು ಹನ್ನೆರಡು ನಿಮಿಷ ಬೇಕಿತ್ತು. ಕರೆ ತಪ್ಪು ಹೊತ್ತಿನದಾದರೂ ಕೇಳುವುದು ನಮ್ಮ ಕೆಲಸ. ಮೂರೂ ಮೂವತ್ತೈದಕ್ಕೆ, ಆ ಕಡೆಯ ಸದ್ದು ತೋರಿಸುವ ಪರದೆಯ ಸಪಾಟು ಗೆರೆಯಲ್ಲಿ ಒಂದು ಚೂಪು ಮೊನೆ ಎದ್ದಿತು. ಮೊದಲು ನಾನು ಅದನ್ನು ನಂಬಲಿಲ್ಲ, ಯಾವುದೋ ರೇಡಿಯೋ ಗದ್ದಲ ಇದ್ದೀತು ಎಂದುಕೊಂಡೆ. ಮೊನೆ ನಿಂತಲ್ಲೇ ನಿಂತಿತು. ಫೋನು ಬಡಿದುಕೊಂಡಿತು. ಆ ಕಡೆ ವಸಂತಾ ಅಳುತ್ತಿದ್ದರು, ನಗುತ್ತಿದ್ದರು. "ತಂಗಚ್ಚಿ, ತಂಗಚ್ಚಿ" ಎಂದಷ್ಟೇ ಕೇಳಿಸಿತು.

ನಾನು ಕೂಗಿದ ಕೂಗಿಗೆ ದೊಡ್ಡಮ್ಮ ಬೆಚ್ಚಿ ಎದ್ದರು. ತಂಗಿ ಎದ್ದಳು ದೊಡ್ಡಮ್ಮ ಎಂದೆ. ಶೀನಣ್ಣ ಯಾರಿಗೂ ಹೇಳದೆ ಕಾದ ಎಣ್ಣೆಗೆ ಬಜ್ಜಿ ಬಿಟ್ಟು, ಮೊದಲು ಕರಿದದ್ದನ್ನು ನಮ್ಮ ಮುಂದೆ ತಂದಿಟ್ಟ. ಎಷ್ಟೋ ದಿನದ ಮೇಲೆ ಅಂದು ನಾನು ಹೊಟ್ಟೆ ತುಂಬ ತಿಂದೆ.

ಮುಂದಿನ ವಾರಗಳಲ್ಲಿ ಕಾರಣ ತಿಳಿಯಿತು. ತಂಗಿಯ ವಿಷಯದ ಕಾರಣ ಮಾತ್ರ. ಗಾಳಿ ಬೀಸಿ ಫಲಕದ ಪೂರ್ವದ ಅಂಚಿನ ಧೂಳು ಹಾರಿಹೋಗಿತ್ತು. ಬೆಳಗಿನ ಬಿಸಿಲು ಬೇಗ ತಾಗಿ ಅವಳು ನಾವು ತಿಳಿದುದಕ್ಕಿಂತ ಮೊದಲೇ ಏಳುತ್ತಿದ್ದಳು, ಮೊದಲೇ ಮಲಗುತ್ತಿದ್ದಳು. ನಾವು ದಿನವೂ ಕರೆದದ್ದು ಮಲಗಿದವಳನ್ನು. ನನ್ನ ಕರೆ ಲೆಕ್ಕದ ಹೊತ್ತಿಗೇ ಹೋಗಿದ್ದರೆ ತಂಗಿ ಇವತ್ತು ಮಂಗಳದ ಧೂಳಿನಲ್ಲಿ ಒಂದು ಕಬ್ಬಿಣದ ತುಂಡು.

ಗಡಿಯಾರದ್ದು ಮಾತ್ರ ತಿಳಿಯಲಿಲ್ಲ. ರಿಪೇರಿಯವನಿಗೆ ತೋರಿಸಿದೆ. ಬಿಚ್ಚಿ ನೋಡಿ, ಏನೂ ಆಗಿಲ್ಲ ಎಂದ. ಸೆಲ್ ಸೋತರೆ ಗಡಿಯಾರ ಹಿಂದೆ ಬೀಳುತ್ತದೆ, ಮುಂದೆ ಓಡುವುದಿಲ್ಲ, ಓಡಿದರೂ ವಾಪಸು ಬರುವುದಿಲ್ಲ ಎಂದು ಅವನೇ ಹೇಳಿದ. ಬಳಲಿಕೆಯಲ್ಲಿ ನನ್ನ ಕಣ್ಣೇ ಮೋಸ ಮಾಡಿತೆಂದು ನಂಬಲು ನಾನು ತಯಾರಿದ್ದೇನೆ. ಆದರೆ ಅಡುಗೆಮನೆಯಲ್ಲಿ ಎಣ್ಣೆ ಕಾಯುತ್ತಿತ್ತಲ್ಲ.

ದೊಡ್ಡಮ್ಮನಿಗೆ ಇದರಲ್ಲಿ ಆಶ್ಚರ್ಯ ಪಡುವಂಥದ್ದೇನೂ ಕಾಣಲಿಲ್ಲ. "ಅವ್ರಿಗೆ ತಡ ಆದ್ರೆ ಆಗ್ತಿರ್ಲಿಲ್ಲ ಅಲ್ವಾ ಮಗಾ" ಎಂದು ಹೇಳಿ ಚಿಲ್ಲರೆ ಜೋಡಿಸತೊಡಗಿದರು. ಅದು ಉತ್ತರವಲ್ಲ ಎಂದು ನನ್ನ ತಲೆ ಹೇಳುತ್ತದೆ. ಬೇರೆ ಉತ್ತರ ನನ್ನ ಹತ್ತಿರ ಇಲ್ಲ. ಈಗ ಬೆಳಿಗ್ಗೆ ಕಾಫಿಗೆ ಹೋದರೆ, "ತಂಗಿ ಎದ್ದಳಾ?" ಎಂದು ದೊಡ್ಡಮ್ಮ ಕೇಳುತ್ತಾರೆ. ಎದ್ದಿದ್ದಾಳೆ ದೊಡ್ಡಮ್ಮ, ದಿಬ್ಬ ಇಳಿದು ಬಯಲಿಗೆ ಬಂದಿದ್ದಾಳೆ, ಅಕ್ಕನಿರುವ ಕಡೆಗೆ ಹೊರಟಿದ್ದಾಳೆ ಎನ್ನುತ್ತೇನೆ. ಹೇಳುತ್ತ ಹೇಳುತ್ತ ಒಮ್ಮೆ ಗೋಡೆ ನೋಡುತ್ತೇನೆ, ಹತ್ತು ಕಳೆಯುತ್ತೇನೆ, ಆಮೇಲೆ ಮೊಬೈಲು ತೆಗೆದು ತಾಳೆ ನೋಡುತ್ತೇನೆ. ಒಂದು ದಿನವೂ ತಪ್ಪಿಲ್ಲ.

ಕರೆಯ ಹೊತ್ತನ್ನು ಬದಲಿಸಿದರೆ ಕಾರಣ ಬರೆಯಬೇಕೆಂಬ ನಿಯಮ ನಮ್ಮಲ್ಲಿದೆ. ಆ ದಿನದ ವರದಿಯಲ್ಲಿ ಕಾರಣದ ಜಾಗ ಬಹಳ ಹೊತ್ತು ಖಾಲಿ ಇತ್ತು. ಕೊನೆಗೆ, 'ಹೊತ್ತು ನೋಡುವುದರಲ್ಲಿ ನನ್ನ ತಪ್ಪು' ಎಂದು ಬರೆದು ಸಹಿ ಹಾಕಿದೆ. ವಸಂತಾ ಅದನ್ನು ಓದಿ, ಇಂಥ ತಪ್ಪು ಇನ್ನೊಂದು ಮಾಡಿ ಎಂದು ನಕ್ಕರು. ಬರೆದದ್ದರಲ್ಲಿ ಸುಳ್ಳೇನಿಲ್ಲ. ಆದರೂ ಆ ಸಾಲಿನಲ್ಲಿ 'ನನ್ನ' ಎಂದು ಬರೆದದ್ದು ಸರಿಯೇ ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ.